ದಾಖಲಾತಿ ವಹಿಯ ಒಂದು ಕಾಲಂ



2019ರ ನವೆಂಬರ್ 24ರ ಭಾನುವಾರ ನಮ್ಮ ಹುಳಿಮಾವು ಕೆರೆಯ ಏರಿ ಒಡೆದು ನೀರು ಬಡಾವಣೆಗಳಿಗೆ ನುಗ್ಗಿದ ಸಂಗತಿ ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಹಲವರು ಅಂದು ದೂರವಾಣಿ ಮಾಡಿ ನಮ್ಮ ಕ್ಷೇಮ ವಿಚಾರಿಸಿದ್ದಿರಿ. ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನೀರು ಇಳಿದ ಮೇಲೆ ನೋಡಿದರೆ, ಮೂವತ್ತು ವರ್ಷಗಳಿಂದ ಕೂಡಿಟ್ಟ ಪುಸ್ತಕಗಳು, ಮಾಸಪತ್ರಿಕೆಗಳು, ನನ್ನ ಪಾಠಟಿಪ್ಪಣಿಗಳು ಎಲ್ಲವೂ ಕೆಸರಿನ ಮುದ್ದೆಯಾಗಿದ್ದವು. ಮನೆಯಾಕೆ ಮನಸ್ಸು ಗಟ್ಟಿ ಮಾಡಿಕೊಂಡು ಅವನ್ನು ಗೇಟಿನ ಹೊರಗೆ ರಾಶಿ ಹಾಕಿಸಿದಳು.

ಎರಡು ದಿನಗಳ ನಂತರ ಸುಮಾರು ನಲವತ್ತು ವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ಆ ರಾಶಿಯ ಮುಂದೆ ಕುಳಿತಳು. ರಟ್ಟು ಬೇರೆ, ಬಿಳಿ ಹಾಳೆ ಬೇರೆ, ನುಣುಪು ಕಾಗದ ಬೇರೆ ಎಂದು ಬಿಡಿಸಿ ಬಿಡಿಸಿ ಕಾಂಪೌಂಡಿನ ಮೇಲೆ ಹರವಿದಳು. ಒದ್ದೆ ಕಾಗದವನ್ನು ಏಕೆ ಹೀಗೆ ಒಣಗಿಸುತ್ತೀಯಮ್ಮಾ ಎಂದು ಕೇಳಿದೆ. “ಒದ್ದೆ ಕಾಗ್ದಕ್ಕೆ ರೇಟಿಲ್ಲ ಮೇಷ್ಟ್ರೆ. ಕೆಸ್ರು ಅಂಟಿದ್ರೆ ಯಾರೂ ತಗಳಲ್ಲ,” ಎಂದಳು. ಅವಳ ಕೊರಳಿನಲ್ಲಿ ಒಂದು ಗುರುತಿನ ಚೀಟಿ ತೂಗುತ್ತಿತ್ತು. ಅಕ್ಷರ ಕಂಡಲ್ಲಿ ಓದುವುದು ಮೇಷ್ಟ್ರುಗಳ ಚಟ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಲಾಂಛನ, ಅವಳ ಭಾವಚಿತ್ರ, ಹೆಸರು. ಜೊತೆಗೆ ಅವಳು ತ್ಯಾಜ್ಯ ಆಯುವ ವೃತ್ತಿಯವಳು ಎಂಬ ದಾಖಲೆ.

ಅದನ್ನು ಓದಿದೊಡನೆ ನನಗೆ ಬೇರೊಂದು ದಾಖಲೆ ನೆನಪಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ನಾನೇ ನನ್ನ ಕೈಯಾರೆ ಬರೆದಿದ್ದ ದಾಖಲೆ ಅದು.

1993ರ ಜೂನ್ ತಿಂಗಳು. ನಾನಾಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಹೊಣೆ ನನ್ನದಾಗಿತ್ತು. ತಾಯಿಯೊಬ್ಬಳು ಮಗನನ್ನು ಐದನೆಯ ತರಗತಿಗೆ ಸೇರಿಸಲು ಬಂದಳು. ತಂದೆ ತೀರಿಕೊಂಡಿದ್ದ. ದಾಖಲಾತಿ ವಹಿಯಲ್ಲಿ ಪೋಷಕರ ಉದ್ಯೋಗವೆಂಬ ಕಾಲಂ ಇರುತ್ತದಷ್ಟೆ. ಏನು ಕೆಲಸವೆಂದು ಕೇಳಿದೆ. “ಕಾಗ್ದ ಆಯ್ತೀನಿ ಸಾ,” ಎಂದಳು. ನಾನು ಒಂದು ಕ್ಷಣ ಲೇಖನಿ ನಿಲ್ಲಿಸಿ, “ಕೂಲಿ” ಎಂದು ಬರೆದೆ. ಆ ಹುಡುಗನಿಗೆ ಮುಂದೆ ಅವಮಾನವಾಗದಿರಲಿ ಎಂಬ ಸದುದ್ದೇಶದಿಂದಲೇ ಹಾಗೆ ಬರೆದೆನೆಂದು ಬಹುಕಾಲ ನಂಬಿದ್ದೆ.

ಅದೇ ವರ್ಷ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸುವಾಗ ಇಡೀ ತರಗತಿಗೆ ಗದರಿದೆ. ನಮ್ಮ ಕಾಲದ ಮೇಷ್ಟ್ರುಗಳ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದ ಮಾತು ಅದು, ನಿಮ್ಮಲ್ಲಿ ಅನೇಕರು ನನ್ನಿಂದಲೇ ಕೇಳಿರುತ್ತೀರಿ: “ಹೀಗೇ ಓದಿದರೆ ಚಿಂದಿ ಆಯೋಕೆ ಹೋಗಬೇಕಾಗುತ್ತೆ, ತಿಳಿಯಿತೇ?” ತರಗತಿ ನಕ್ಕಿತು. ಕೆಲವು ಮಕ್ಕಳು ಹಿಂದಿನ ಸಾಲಿನ ಆ ಹುಡುಗನ ಕಡೆಗೆ ತಿರುಗಿ ನೋಡಿದರು. ನನ್ನ ವಹಿ ಬಚ್ಚಿಟ್ಟಿದ್ದನ್ನು ಮಕ್ಕಳು ಎಂದೋ ತಿಳಿದಿದ್ದರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಅವನ ಹೆಸರಿನ ಮುಂದೆ ಕೆಲವು ವಾರ ಗೈರುಹಾಜರಿ ಗುರುತು ಹಾಕಿದೆ. ಆಮೇಲೆ ಹೆಸರನ್ನೇ ಕೆಂಪು ಶಾಯಿಯಲ್ಲಿ ಹೊಡೆದೆ.

ಈ ಪ್ರಸಂಗವನ್ನು ನಾನು ಈ ಪುಟಗಳಲ್ಲಿ ಹಿಂದೆ ಬರೆದಿಲ್ಲ. ಬರೆಯಲು ನಾಚಿಕೆಯಾಗುತ್ತಿತ್ತು. ಆದರೆ ಆ ಗುರುತಿನ ಚೀಟಿಯನ್ನು ಕಂಡ ಮೇಲೆ, ಊರಿನ ಕಸವನ್ನು ಆಯ್ದವರು ಆ ಕೆಲಸವನ್ನೇ ಒಂದು ಉದ್ಯಮವನ್ನಾಗಿ ಕಟ್ಟಿಕೊಂಡ ಚರಿತ್ರೆಯನ್ನು ತಿಳಿಯಬೇಕೆನಿಸಿತು. ಇತಿಹಾಸವನ್ನೇ ಪಾಠ ಹೇಳಿದ ನಾನು ಈ ಅಧ್ಯಾಯವನ್ನು ಓದಿಯೇ ಇರಲಿಲ್ಲ. ಓದಿ, ಕೇಳಿ, ಕಂಡು ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಹಿರಿಯರ ಬದುಕಿನಲ್ಲಿ ಕಸವೆಂಬುದು ಬಿಸಾಡುವ ವಸ್ತುವೇ ಆಗಿರಲಿಲ್ಲ. ಪ್ರತಿ ಮನೆಗೂ ಒಂದು ತಿಪ್ಪೆ. ತಿಪ್ಪೆಯ ಗೊಬ್ಬರ ರಾಗಿಹೊಲಕ್ಕೆ. ಹುಳಿಮಾವು, ಅರೆಕೆರೆ, ಬೇಗೂರುಗಳು ಹಳ್ಳಿಗಳಾಗಿದ್ದ ಕಾಲದಲ್ಲಿ ಇಲ್ಲಿಯ ರೂಢಿಯೂ ಅದೇ. ನಗರದ ಕಸಕ್ಕೂ ಇದೇ ನ್ಯಾಯವನ್ನು ಅನ್ವಯಿಸಿದ ಕೀರ್ತಿ ನಮ್ಮ ಬೆಂಗಳೂರಿಗೆ ಸಲ್ಲುತ್ತದೆ. 1939ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಕೃಷಿಶಾಸ್ತ್ರದ ಪುಸ್ತಕಗಳು ಇಂದಿಗೂ ಅದನ್ನು “ಬೆಂಗಳೂರು ವಿಧಾನ” ಎಂದೇ ಕರೆಯುತ್ತವೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಸ್ಥಾಪನೆಯಾಯಿತು.

ಆದರೆ ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್ಕು ಮನೆಮನೆಗೂ ಬಂದೊಡನೆ ತಿಪ್ಪೆಯ ಧರ್ಮ ಕೆಟ್ಟಿತು. ರೈತನಿಗೆ ಬೇಡವಾದ ಆ ಭಾಗವನ್ನು ಬೇರ್ಪಡಿಸಿ ಮತ್ತೆ ಕಾರ್ಖಾನೆಗೆ ಮುಟ್ಟಿಸುವ ಕೆಲಸವನ್ನು ಯಾರೂ ಆದೇಶ ಹೊರಡಿಸದೆ, ಯಾರೂ ಸಂಬಳ ಕೊಡದೆ, ಕೆಲವರು ಕೈಗೆತ್ತಿಕೊಂಡರು. ಅವರಲ್ಲಿ ಬಹುಪಾಲು ದಲಿತರು, ಊರು ಬಿಟ್ಟು ಬಂದವರು, ಗಂಡನನ್ನು ಕಳೆದುಕೊಂಡ ಹೆಂಗಸರು, ಮನೆ ಬಿಟ್ಟ ಮಕ್ಕಳು. ಇವರು ಆಯ್ದದ್ದನ್ನು ಬಡಾವಣೆಯ ಗುಜರಿ ಅಂಗಡಿ ಕೊಳ್ಳುತ್ತಿತ್ತು. ಅಲ್ಲಿಂದ ಅದು ಜಾಲಿ ಮೊಹಲ್ಲಾದ ಸಗಟು ವ್ಯಾಪಾರಿಗಳಿಗೆ, ಪ್ಲಾಸ್ಟಿಕ್ಕಾದರೆ ನಾಯಂಡಹಳ್ಳಿಯ ಕಡೆಗೆ ಹೋಗುತ್ತಿತ್ತು. ಮೆಟ್ಟಿಲು ಮೇಲೇರಿದಂತೆ ಲಾಭ ಹೆಚ್ಚು. ಕೆಳಗಿನ ಮೆಟ್ಟಿಲಿನವರು ಕಾಯಿಲೆಗೋ ಮದುವೆಗೋ ಗುಜರಿಯವನಿಂದ ಮುಂಗಡ ಪಡೆದರೆ, ಸಾಲ ತೀರುವವರೆಗೂ ಅವನು ಹೇಳಿದ್ದೇ ದರ. ಬೆಳಗಿನ ಜಾವ ಚೀಲ ಹೊತ್ತು ಹೊರಟವರನ್ನು ಕಳ್ಳರೆಂದು ಹಿಡಿಯುವುದು, ನಾಯಿ ಬಿಡುವುದು ಇವೆಲ್ಲ ನಿತ್ಯದ ಮಾತು. ಊರನ್ನು ಶುಚಿ ಮಾಡಿದವರು ಊರಿಗೆ ಕಾಣುತ್ತಿರಲಿಲ್ಲ. ಕಂಡರೆ ಅನುಮಾನಕ್ಕೆ ಮಾತ್ರ ಕಾಣುತ್ತಿದ್ದರು.

ನಾನು ವಹಿಯಲ್ಲಿ “ಕೂಲಿ” ಎಂದು ಬರೆದ ಆ 1993ರಲ್ಲಿಯೇ ಪುಣೆಯಲ್ಲಿ ಚಿಂದಿ ಆಯುವವರು ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘವನ್ನು ಕಟ್ಟಿಕೊಂಡರು ಎಂಬುದನ್ನು ಓದಿದಾಗ ನನಗೆ ಒಂದು ಬಗೆಯ ಕಸಿವಿಸಿಯಾಯಿತು. ಕಾಗದ, ಗಾಜು, ತಗಡು ಆಯುವ ಶ್ರಮಿಕರ ಪಂಚಾಯಿತಿ ಎಂದು ಅದರ ಅರ್ಥ. ನಾನು ಯಾವ ಪದವನ್ನು ಬರೆಯಲು ಅಳುಕಿದೆನೋ ಆ ಪದವನ್ನೇ ಅವರು ತಮ್ಮ ಸಂಘದ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಹಮಾಲರ ಸಂಘಟನೆಯಿಂದ ಹೆಸರಾದ ಬಾಬಾ ಆಢಾವರು ಅದರ ಹಿಂದಿದ್ದರು. 1990ರ ದಶಕದ ನಡುವಿನಲ್ಲಿ ಪುಣೆಯ ಪಾಲಿಕೆ ಆ ಸಂಘದ ಗುರುತಿನ ಚೀಟಿಗೆ ಮನ್ನಣೆ ಕೊಟ್ಟಿತು. ಮುಂದೆ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆಯನ್ನು ಅವರೇ ಸ್ಥಾಪಿಸಿ, 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸ ಹಿಡಿದರು. ಪ್ರತಿ ಮನೆಯಿಂದ ತಿಂಗಳಿಗಿಷ್ಟು ಸೇವಾಶುಲ್ಕ, ಜೊತೆಗೆ ಒಣಕಸದ ಮಾರಾಟದಿಂದ ಬಂದ ಹಣ, ಈ ಎರಡು ಕಾಲುಗಳ ಮೇಲೆ ಆ ಸಂಸ್ಥೆ ನಿಂತಿತು.

ಬೆಂಗಳೂರಿನ ಹಾದಿ ಬೇರೆಯಾಯಿತು. 2000ದ ಸುಮಾರಿನಿಂದ ಇಲ್ಲಿ ಮನೆಬಾಗಿಲಿನಲ್ಲೇ ಕಸ ಸಂಗ್ರಹಿಸುವ ಪದ್ಧತಿ ಬಂದು, ಬೀದಿಬದಿಯ ಸಿಮೆಂಟಿನ ತೊಟ್ಟಿಗಳು ಒಂದೊಂದಾಗಿ ಮಾಯವಾದವು. ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ತೊಟ್ಟಿಯೇ ಕೆಲವರ ಹೊಲವಾಗಿತ್ತು. ಲಾರಿಯ ಗುತ್ತಿಗೆದಾರನ ಕೈಗೆ ಹೋದ ಕಸವು ಆಯುವವರಿಗೆ ಸಿಗದಂತಾಯಿತು. ನೇಕಾರನಿಗೆ ನೂಲು ಹೇಗೋ, ಇವರಿಗೆ ಕಸ ಹಾಗೆ ಕಚ್ಚಾಸಾಮಗ್ರಿ. ಅದರ ಮೇಲೆ ಇವರಿಗೆ ಯಾವ ಹಕ್ಕೂ ಇರಲಿಲ್ಲ. ಈ ಹಕ್ಕನ್ನು ಕೇಳುವುದರಿಂದಲೇ ಇಲ್ಲಿಯ ಚರಿತ್ರೆ ಪ್ರಾರಂಭವಾಗುತ್ತದೆ.

2011ರಲ್ಲಿ ಲೋಕ ಅದಾಲತ್ತು ತ್ಯಾಜ್ಯ ಆಯುವವರನ್ನು ನೋಂದಾಯಿಸುವಂತೆ ಪಾಲಿಕೆಗೆ ಸೂಚಿಸಿತು. ಪಾಲಿಕೆಯ ಲಾಂಛನವುಳ್ಳ ಗುರುತಿನ ಚೀಟಿಗಳು ಹೊರಬಂದವು. ವರ್ಷಗಳು ಕಳೆದಂತೆ ಸಾವಿರಾರು ಮಂದಿಯ ಕೈಸೇರಿದವು. ಪುಣೆಯ ಸಂಘಟನೆಯಲ್ಲಿ ದುಡಿದು ಬಂದಿದ್ದ ನಳಿನಿ ಶೇಖರ್ ಮತ್ತು ಅವರ ಸಂಗಡಿಗರು ಕಟ್ಟಿದ ‘ಹಸಿರು ದಳ’ ಈ ಕಾರ್ಯದಲ್ಲಿ ಮುಂದಾಳತ್ವ ವಹಿಸಿತು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ಬೆಟ್ಟವಾಗಿ ಬೆಳೆದುದನ್ನು ನಾವು ಮರೆತಿಲ್ಲ. ಮಂಡೂರಿನ ಗ್ರಾಮಸ್ಥರು ಎದ್ದುನಿಂತ ಮೇಲೆ, 2014ರ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ಉಚ್ಚ ನ್ಯಾಯಾಲಯವು ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಮತ್ತೆ ಮತ್ತೆ ಆಜ್ಞಾಪಿಸಿ, 2015ರ ಡಿಸೆಂಬರಿನಲ್ಲಿ “ಎರಡು ಬುಟ್ಟಿ, ಒಂದು ಚೀಲ”ದ ಕ್ರಮವನ್ನು ಕಡ್ಡಾಯಗೊಳಿಸಿತು. ಈ ಸಂಕಟದಲ್ಲಿಯೇ ವಾರ್ಡಿಗೊಂದರಂತೆ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಗಳ ಯೋಜನೆ ಹುಟ್ಟಿತು. ಅವುಗಳಲ್ಲಿ ಹಲವನ್ನು ನಡೆಸುವ ಹೊಣೆ, ನಿನ್ನೆಯವರೆಗೆ ಚೀಲ ಹೊತ್ತು ಅಲೆದವರಿಗೇ ಬಂತು. 2015ರಲ್ಲಿ ‘ಹಸಿರು ದಳ ಇನ್ನೋವೇಷನ್ಸ್’ ಎಂಬ ಪ್ರತ್ಯೇಕ ಉದ್ಯಮವೂ ಪ್ರಾರಂಭವಾಗಿ, ದೊಡ್ಡ ಅಪಾರ್ಟ್‌ಮೆಂಟುಗಳಿಂದಲೂ ಕಚೇರಿಗಳಿಂದಲೂ ಶುಲ್ಕ ಪಡೆದು ಕಸ ವಿಲೇವಾರಿ ಮಾಡುವ ಸೇವೆಗಿಳಿಯಿತು. 2016ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯ ಆಯುವವರು ಯಾರೆಂದು ವ್ಯಾಖ್ಯಾನಿಸಿ, ಅವರನ್ನು ಗುರುತಿಸಿ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ಸಾರಿದವು.

ಇಂಥ ಒಂದು ಕೇಂದ್ರವನ್ನು ನೋಡಬೇಕೆಂಬ ಹಂಬಲದಿಂದ ನಮ್ಮ ಕಡೆಯದೊಂದಕ್ಕೆ ಒಂದು ಬೆಳಿಗ್ಗೆ ಹೋದೆ. ತಗಡಿನ ಮಾಡು, ಒಂದು ತಕ್ಕಡಿ, ಮೂಟೆಗಳ ಸಾಲು. ನಡೆಸುವಾಕೆ ಓದಿದ್ದು ನಾಲ್ಕನೆಯ ತರಗತಿಯಂತೆ. ಆದರೆ ಅಂದು ಆಕೆ ನನಗೆ ಒಂದು ಗಂಟೆ ಪಾಠ ಮಾಡಿದಳು. ನನ್ನ ಕಣ್ಣಿಗೆ ಎಲ್ಲ ಪ್ಲಾಸ್ಟಿಕ್ಕೂ ಒಂದೇ. ಆಕೆಗೆ ನೀರಿನ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಹಾಲಿನ ಕವರು ಬೇರೆ, ಬಕೆಟ್ಟಿನ ಗಟ್ಟಿ ಪ್ಲಾಸ್ಟಿಕ್ಕು ಬೇರೆ. ಹಿಂಡಿದಾಗ ಆಗುವ ಸದ್ದಿನಿಂದಲೇ ಜಾತಿ ಹೇಳುತ್ತಿದ್ದಳು. ಒಂದೊಂದಕ್ಕೂ ಒಂದೊಂದು ದರ. ಬಿಸ್ಕತ್ತು, ಚಿಪ್ಸಿನ ಹೊಳೆಯುವ ಹೊದಿಕೆಗೆ ಮಾತ್ರ ದರವೇ ಇಲ್ಲ. ಅದು ಸಿಮೆಂಟು ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗಬೇಕು.

ಉದ್ಯಮದ ಲೆಕ್ಕಾಚಾರದ ಗಂಟು ಇರುವುದು ಇಲ್ಲಿಯೇ. ಬೆಲೆಬಾಳುವ ವಸ್ತುವನ್ನು ಮಾತ್ರ ಆರಿಸಿಕೊಂಡರೆ ಗುಜರಿ ಅಂಗಡಿಯೂ ಲಾಭದಲ್ಲಿ ನಡೆಯುತ್ತದೆ. ಬೆಲೆಯಿಲ್ಲದ್ದನ್ನೂ ಎತ್ತಬೇಕು, ಕೆಲಸದವರಿಗೆ ದಿನಗೂಲಿ ಕೊಡಬೇಕು, ಕೈಗವಸು ಕೊಡಬೇಕು, ಮೂಟೆ ಕೊಂಡ ವ್ಯಾಪಾರಿ ಹಣ ಕೊಡುವವರೆಗೆ ಕಾಯಬೇಕು ಎಂದಾಗ ಮಾರಾಟದ ಹಣ ಸಾಲುವುದಿಲ್ಲ. ಆ ಕೊರತೆಯನ್ನು ತುಂಬುವುದು ಸೇವೆಗೆ ಬರುವ ಹಣ: ನಗರಾಡಳಿತದ ಪಾವತಿ, ದೊಡ್ಡ ಕಟ್ಟಡಗಳ ಶುಲ್ಕ, 2022ರ ನಿಯಮಗಳ ನಂತರ ಪ್ಲಾಸ್ಟಿಕ್ ಹೊದಿಕೆ ಬಳಸುವ ಕಂಪನಿಗಳು ಹೊರಬೇಕಾದ ಹೊಣೆಯ ಪಾಲು. ಆ ಹಣ ಎರಡು ತಿಂಗಳು ತಡವಾದರೆ ಕೇಂದ್ರ ನಡೆಸುವವರು ಮತ್ತೆ ಬಡ್ಡಿ ಸಾಲಕ್ಕೆ ಕೈಚಾಚಬೇಕು. ಅವರು ಮಾಡುತ್ತಿರುವುದು ಊರಿನ ಕೆಲಸ. ಊರು ಕೊಡುವುದು ಕೂಲಿಯೇ ಹೊರತು ಭಿಕ್ಷೆಯಲ್ಲ.

ಪೇಟೆಯ ಏರಿಳಿತಗಳೂ ಇವರನ್ನು ಬಿಟ್ಟಿಲ್ಲ. 2017ರ ಜುಲೈ ತಿಂಗಳಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪ್ಲಾಸ್ಟಿಕ್ ಗುಜರಿಗೆ ಶೇ. 18 ತೆರಿಗೆ ಬಿತ್ತು. ಅದೇ ನವೆಂಬರಿನಲ್ಲಿ ಶೇ. 5ಕ್ಕೆ ಇಳಿದು, 2021ರ ಅಕ್ಟೋಬರಿನಿಂದ ಮತ್ತೆ ಶೇ. 18 ಆಯಿತು. ತೆರಿಗೆ ಕಟ್ಟುವವನು ಮೇಲಿನ ವ್ಯಾಪಾರಿಯಾದರೂ ದರ ಕುಸಿಯುವುದು ಕೆಳಗಿನ ಮೆಟ್ಟಿಲಿನಲ್ಲಿ. ಒಳ್ಳೆಯ ಸುದ್ದಿಯೂ ಇದೆ. 2019ರಲ್ಲಿ ‘ದಿ ಬಾಡಿ ಶಾಪ್’ ಎಂಬ ಇಂಗ್ಲೆಂಡಿನ ಸೌಂದರ್ಯವರ್ಧಕ ಕಂಪನಿಯು ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಮತ್ತು ಹಸಿರು ದಳಗಳ ಸಹಯೋಗದಲ್ಲಿ, ಬೆಂಗಳೂರಿನ ಆಯುವವರು ಸಂಗ್ರಹಿಸಿದ ಪ್ಲಾಸ್ಟಿಕ್ಕನ್ನು ನ್ಯಾಯಬೆಲೆಗೆ ಕೊಂಡು ತನ್ನ ಬಾಟಲಿಗಳಿಗೆ ಬಳಸಲು ಪ್ರಾರಂಭಿಸಿತು. ಮೊದಲ ವರ್ಷದ ಗುರಿ 250 ಟನ್ನು. ನಮ್ಮ ಬೀದಿಯ ಕಸ ಲಂಡನ್ನಿನ ಅಂಗಡಿಗೆ ಹೋಯಿತೆಂದರೆ ಆ ಹುಡುಗ ನಂಬುತ್ತಿದ್ದನೇ ಎಂದು ಯೋಚಿಸುತ್ತೇನೆ.

ಸಮಾಜ ಹೊರಗಿಟ್ಟವರಿಗೆ ದುಡಿಮೆ ಕೊಡುವ ಉದ್ಯಮಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ದಾನಿಗಳ ನೆರವಿನಿಂದ ತರಬೇತಿ ಕೊಟ್ಟು ಸಾವಿರಾರು ಮಂದಿಯನ್ನು ಕೆಲಸಕ್ಕೆ ಹಚ್ಚಿತು. 2006ರಲ್ಲಿ ಪ್ರಾರಂಭವಾದ ‘ವಿಂಧ್ಯ’ ಕಂಪನಿಯು ವಿಕಲಚೇತನರನ್ನೇ ಹೆಚ್ಚಾಗಿ ನೇಮಿಸಿಕೊಂಡು, ಗ್ರಾಹಕ ಸೇವೆಯ ಗುತ್ತಿಗೆಗಳನ್ನು ಪೇಟೆಯಲ್ಲಿ ಇತರರೊಡನೆ ಸ್ಪರ್ಧಿಸಿ ಪಡೆಯಿತು. ಅಲಿನಾ ಆಲಂ ಅವರು 2017ರಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ತೆರೆದ ‘ಮಿಟ್ಟಿ ಕೆಫೆ’ ದೊಡ್ಡ ಸಂಸ್ಥೆಗಳ ಒಳಗೇ ಜಾಗ ಪಡೆದು ಬೆಳೆದು, 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆವರಣವನ್ನೂ ಮುಟ್ಟಿತು. ಇವೆಲ್ಲ ಸ್ತುತ್ಯವಾದವು. ಆದರೆ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಕೆಲಸವಿಲ್ಲದವರಿಗಾಗಿ ಹೊಸದಾಗಿ ಕೆಲಸವನ್ನು ಸೃಷ್ಟಿಸಬೇಕಾಯಿತು. ಇಲ್ಲಿ ಕೆಲಸ ಮೊದಲೇ ಇತ್ತು, ಜ್ಞಾನವೂ ಇತ್ತು. ಇಲ್ಲದಿದ್ದುದು ಹೆಸರು ಮತ್ತು ಹಕ್ಕು. ಆದ್ದರಿಂದ ಈ ಉದ್ಯಮದ ಮೊದಲ ಬಂಡವಾಳವೆಂದರೆ ಕೊರಳಿನ ಆ ಗುರುತಿನ ಚೀಟಿಯೇ. ಅದಿದ್ದರೆ ಪೊಲೀಸರು ಸಂಶಯಿಸಿದಾಗ ತೋರಿಸಬಹುದು, ಬ್ಯಾಂಕಿನಲ್ಲಿ ಖಾತೆ ಕೇಳಬಹುದು, ಪಾಲಿಕೆಯೊಡನೆ ಒಪ್ಪಂದಕ್ಕೆ ಸಹಿ ಹಾಕಬಹುದು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಚೀಟಿ ಸಿಗದವರು ಇನ್ನೂ ಇದ್ದಾರೆ. ಒಳ್ಳೆಯ ಹೆಸರು ಬಂದ ಮಾತ್ರಕ್ಕೆ ಜಾತಿಯ ಹೊರೆ ಇಳಿಯಲಿಲ್ಲ. ಕಸ ಒಂದು ಜನವರ್ಗದ ತಲೆಯ ಮೇಲೆಯೇ ಉಳಿದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು ಬಂದವು. ಹಳೆಯ ಲಾಂಛನದ ಚೀಟಿಯ ಬೆಲೆ ಹೊಸ ಆಡಳಿತಗಳಲ್ಲಿ ಕುಂದದಿರಲಿ ಎಂಬುದು ನನ್ನ ಹಾರೈಕೆ.

ಕೊನೆಯದಾಗಿ ಆ ಕಾಲಂನ ವಿಷಯ. ಶುಚಿಗಾರಿಕೆಯೇ ಮೊದಲಾದ ವೃತ್ತಿಗಳಲ್ಲಿರುವವರ ಮಕ್ಕಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೊಂದು 1977-78ರಿಂದ ಇದೆ. ಮೊದಲು ಅದರಲ್ಲಿ ಚಿಂದಿ ಆಯುವವರ ಉಲ್ಲೇಖವಿರಲಿಲ್ಲ. ಮುಂದೆ ಅವರ ಮಕ್ಕಳೂ ಸೇರಿದರು. ಅಂದರೆ, ಯಾವ ಪದವನ್ನು ನಾನು ಅವಮಾನವೆಂದು ಬಗೆದು ಮರೆಮಾಡಿದೆನೋ ಅದೇ ಪದವನ್ನು ತಾಯಿಯ ಹೆಸರಿನ ಮುಂದೆ ಸ್ಪಷ್ಟವಾಗಿ ಬರೆದರೆ ಇಂದು ಮಗುವಿನ ಶಾಲೆಗೆ ಹಣ ಬರುತ್ತದೆ. ಆ ಕೇಂದ್ರದಾಕೆಯ ಮಗಳು ಆ ವೇತನ ಪಡೆದು ಓದುತ್ತಿದ್ದಾಳಂತೆ. “ಅರ್ಜಿಲಿ ನಮ್ ಕೆಲ್ಸ ಸರ್ಯಾಗಿ ಬರ್ದ್ಕೊಡಿ ಅಂತ ಸ್ಕೂಲಲ್ಲಿ ನಾನೇ ಕೇಳ್ದೆ ಮೇಷ್ಟ್ರೆ,” ಎಂದಳು. ನಾನು ತಲೆ ತಗ್ಗಿಸಿದೆ. 1993ರಲ್ಲಿ ಆ ತಾಯಿಯೂ ಸರಿಯಾಗಿಯೇ ಹೇಳಿದ್ದಳು. ಬರೆದುಕೊಳ್ಳದಿದ್ದವನು ನಾನು.

ಆ ಹುಡುಗ ಈಗ ನಲವತ್ತು ದಾಟಿರಬೇಕು. ಗುರುತಿನ ಚೀಟಿ ಧರಿಸಿದ ಗಂಡಸರನ್ನು ಕಂಡಾಗಲೆಲ್ಲ ನಾನು ಮುಖ ನೋಡುತ್ತೇನೆ. ಇದುವರೆಗೆ ಅವನು ಸಿಕ್ಕಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಆದರೆ ಆ ವರ್ಷ ಐದನೆಯ ತರಗತಿಯಲ್ಲಿದ್ದವರಿಗೆ ಯಾರೆಂದು ತಿಳಿದೇ ಇರುತ್ತದೆ. ಅವನ ಸುಳಿವು ನಿಮಗಿದ್ದರೆ, ಮೇಷ್ಟ್ರು ಕ್ಷಮೆ ಕೇಳಿದರೆಂದು ತಿಳಿಸಿರಿ. ಅವನಿಗೆ ಇಷ್ಟವಿದ್ದರೆ ನಾನೇ ಅವನಿರುವಲ್ಲಿಗೆ ಬರುತ್ತೇನೆ.

ನಿಮ್ಮಲ್ಲಿ ಹಲವರು ಈಗ ಮೇಷ್ಟ್ರುಗಳಾಗಿದ್ದೀರಿ, ತಾಯಿತಂದೆಯರಾಗಿದ್ದೀರಿ. ಓದದ ಮಗುವನ್ನು ಗದರುವಾಗ ನನ್ನ ಆ ಹಳೆಯ ಮಾತನ್ನು ದಯವಿಟ್ಟು ಬಳಸಬೇಡಿರಿ. ನಾಳೆ ಬೆಳಿಗ್ಗೆ ಹಾಲಿನ ಕವರನ್ನು ತೊಳೆದು ಒಣಗಿಸಿ ಬೇರೆ ಇಡಿರಿ. ಒದ್ದೆಯಾದರೆ, ಕೆಸರು ಅಂಟಿದರೆ ರೇಟಿಲ್ಲವೆಂದು ನನಗೆ ಕಲಿಸಿದಾಕೆ ಹೇಳಿದ್ದಾಳೆ.

ಇಂತು ನಿಮ್ಮ,
ಮೇಷ್ಟ್ರು
ಹುಳಿಮಾವು